ಅಪ್ಪನ ಕಂಪ್ಯೂಟರೂ ನಲವತ್ತೆಂಟು ಅಂಕಿಗಳೂ

“ತಮ್ಮಾ, ಇಲ್ಲಿ ಬಾ. ಅಕ್ಟೋಬರ್ ಹದಿನಾಲ್ಕಕ್ಕ ಮುಗೀತದಂತ ನೋಡು.”

ಭಾನುವಾರ ಬೆಳಿಗ್ಗೆ ಅಪ್ಪ ತಮ್ಮ ಕೋಣೆಯಿಂದ ಹೀಗೆ ಕೂಗಿದಾಗ ಚಹಾದ ಲೋಟ ಅಲ್ಲೇ ಇಟ್ಟು ಓಡಿದೆ. 79 ವರ್ಷದವರು ‘ಮುಗೀತದ’ ಅಂದರೆ ಎದೆ ಧಸಕ್ಕೆನ್ನುತ್ತದೆ. ಹೋಗಿ ನೋಡಿದರೆ ಮುಗಿಯುವುದರಲ್ಲಿದ್ದದ್ದು ಅವರ ಕಂಪ್ಯೂಟರಿನ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಲ್ಲುತ್ತದೆ ಎಂಬ ಸೂಚನೆ ಪರದೆಯ ತುಂಬ ಹರಡಿಕೊಂಡಿತ್ತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಈ ಕಂಪ್ಯೂಟರ್ ಅದಕ್ಕೆ ಅರ್ಹವಲ್ಲ, ಟಿಪಿಎಂ 2.0 ಬೇಕು ಎಂದು ಕೆಂಪು ಗುರುತು ಬೇರೆ.

“ನನಗ ಹಳೇದ ಸಾಕು,” ಅಂದರು ಅಪ್ಪ.

ಅಪ್ಪ ಮಾನ್ವಿ ತಾಲ್ಲೂಕಿನ ಹೈಸ್ಕೂಲುಗಳಲ್ಲಿ 34 ವರ್ಷ ಗಣಿತ ಕಲಿಸಿದವರು. ಅವ್ವ ಹೋದ ಮೇಲೆ ಹೈದರಾಬಾದಿನ ನಿಜಾಂಪೇಟೆಯ ನಮ್ಮ ಫ್ಲ್ಯಾಟಿಗೆ ಬಂದರು. ಲಿಫ್ಟಿನಲ್ಲಿ ತೆಲುಗು, ಕಿರಾಣಿ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ದಖನಿ ಉರ್ದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕರೆದುಕೊಂಡು ಹೋದರೆ ಅರಳುತ್ತಾರೆ. ಆದರೆ ಅದು ಊರಿನ ಆ ತುದಿಗೆ. ವರ್ಷಕ್ಕೆ ಎರಡು ಸಲ ಆದರೆ ಹೆಚ್ಚು. ಉಳಿದ ದಿನಗಳಲ್ಲಿ ಅವರ ಕನ್ನಡಕ್ಕೆ ಇರುವ ಜಾಗ ಆ ಡೆಸ್ಕ್‌ಟಾಪು. ಬೆಳಿಗ್ಗೆ ಎರಡು ತಾಸು ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ತಮ್ಮ ಮೇಷ್ಟ್ರುಗಿರಿಯ ನೆನಪು ಬರೆಯುತ್ತಾರೆ. ಇನ್ನೂರು ಪುಟ ದಾಟಿದೆ.

ಆ ಯಂತ್ರವನ್ನು 2018ರಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದೆ. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಶುರುವಾಗುವುದೇ ಅಲ್ಲಿಂದ. ಅಂದರೆ ಬಾಗಿಲಲ್ಲೇ ನಿಂತಿದ್ದೇವೆ. ಆದರೂ ಸುಮ್ಮನಿರಲಾರದೆ ಒಂದು ಅಂಗಡಿಗೆ ಫೋನ್ ಮಾಡಿದೆ. “ನೈ ಹೋತಾ ಸಾಬ್, ನಯಾ ಲೇಲೋ” ಎಂದು ಆ ಕಡೆಯವರು ಅರ್ಧ ನಿಮಿಷದಲ್ಲಿ ಮುಗಿಸಿದರು.

ನಿಜವಾಗಿ ಅಲ್ಲಿ ಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಟಿಪಿಎಂ ಅಂದರೆ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್, ಕಂಪ್ಯೂಟರಿನೊಳಗಿನ ಭದ್ರತಾ ಚಿಪ್ಪು. ವಿಂಡೋಸ್ 10 ಹಾಕಿಕೊಂಡು ಬರುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಬೇಕೆಂದು ಮೈಕ್ರೋಸಾಫ್ಟ್ 2016ರಲ್ಲೇ ನಿಯಮ ಮಾಡಿತ್ತು. ನಾವೇ ಜೋಡಿಸಿಕೊಂಡ ಡೆಸ್ಕ್‌ಟಾಪುಗಳ ಕಥೆ ಬೇರೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಒಳಗೇ ಇರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಆಫ್ ಆಗಿರುತ್ತದೆ. ಬೇರೆ ಚಿಪ್ಪು ಕೂಡ ಅಲ್ಲ. ಇರುವ ಯಂತ್ರಾಂಶದ ಒಳಗೇ ಕೆಲಸ ಮಾಡುವ ಒಂದು ಸಣ್ಣ ಭಾಗ. ಏಳು ವರ್ಷ ಅಪ್ಪನ ಮೇಜಿನ ಕೆಳಗೆ ಅದು ನಿದ್ದೆ ಮಾಡಿಕೊಂಡಿತ್ತು.

ಅದು ಮಾಡುವ ಕೆಲಸವನ್ನು ಅಪ್ಪನಿಗೆ ಹೀಗೆ ಹೇಳಿದೆ. ಕಂಪ್ಯೂಟರ್ ಏಳುವಾಗ ಒಂದರ ಹಿಂದೊಂದು ಪ್ರೋಗ್ರಾಂ ಓಡುತ್ತವೆ. ಪ್ರತಿಯೊಂದನ್ನೂ ಓಡಿಸುವ ಮೊದಲು ಅದರ ಗುರುತನ್ನು ಅಳೆದು ಚಿಪ್ಪಿನೊಳಗೆ ದಾಖಲಿಸುತ್ತಾರೆ. ಅಲ್ಲಿ ಅಳಿಸಿ ಬರೆಯುವಂತಿಲ್ಲ. ಲೆಕ್ಕದ ಪುಸ್ತಕದಲ್ಲಿ ‘ಹಿಂದಿನ ಪುಟದಿಂದ ತಂದದ್ದು’ ಅಂತ ಬರೆಯುತ್ತೇವಲ್ಲ, ಹಾಗೆ ಹಿಂದಿನ ಮೊತ್ತಕ್ಕೆ ಹೊಸದನ್ನು ಬೆರೆಸುತ್ತ ಹೋಗಬೇಕು. ನಡುವೆ ಯಾರಾದರೂ ಒಂದು ಪ್ರೋಗ್ರಾಂ ಬದಲಾಯಿಸಿದ್ದರೆ ಕೊನೆಯ ಮೊತ್ತ ಹೊಂದುವುದಿಲ್ಲ. ಹೊಂದದಿದ್ದರೆ ಡಿಸ್ಕಿನ ಬೀಗದ ಕೀಲಿಯನ್ನು ಚಿಪ್ಪು ಹೊರಗೆ ಕೊಡುವುದಿಲ್ಲ.

“ಅಂದ್ರ ದಿನಾ ಮುಂಜಾನೆ ನಾನು ನಿನ್ನಿನವನ ಅದೀನಿ ಅಂತ ತೋರಸಬೇಕು,” ಅಂದರು ಅಪ್ಪ. “ನಾನು ವರ್ಷಕ್ಕೊಮ್ಮೆ ನವೆಂಬರದಾಗ ಬದುಕೀನಿ ಅಂತ ಪೆನ್ಶನ್‌ನವರಿಗೆ ತೋರಸ್ತೀನಿ. ಇದಕ್ಕ ದಿನಾ.”

ನನಗೆ ಎಂಟೆಕ್‌ನಲ್ಲಿ ಕ್ರಿಪ್ಟೋಗ್ರಫಿ ಒಂದು ಇಡೀ ಸೆಮಿಸ್ಟರ್ ಇತ್ತು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆ ರಾತ್ರಿ ಊಟ ಮುಗಿಸಿ ಕುಳಿತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಡಿಲೀಟ್ ಒತ್ತಿ ಬಯಾಸ್‌ಗೆ ಹೋದೆ. ಪಿಟಿಟಿ ಆನ್ ಮಾಡಿದೆ. ಅಲ್ಲಿಗೆ ನಿಲ್ಲಿಸಿ, ಒಮ್ಮೆ ವಿಂಡೋಸ್‌ಗೆ ಬಂದು ಟಿಪಿಎಂ ಕಾಣಿಸುತ್ತಿದೆಯೇ ಎಂದು ನೋಡಬೇಕಿತ್ತು. ನೋಡಲಿಲ್ಲ. ಹೇಗಿದ್ದರೂ ಸೆಕ್ಯೂರ್ ಬೂಟ್ ಕೂಡ ಬೇಕಲ್ಲ ಎಂದು ಹಳೆಯ ಪದ್ಧತಿಯ ಬೂಟಿಗೆ ಅವಕಾಶ ಕೊಡುವ ಸಿಎಸ್‌ಎಂ ಅನ್ನೂ ಅದೇ ಕೈಯಲ್ಲಿ ಆಫ್ ಮಾಡಿ, ಸೇವ್ ಒತ್ತಿದೆ.

ಕಂಪ್ಯೂಟರ್ ಮತ್ತೆ ಬಯಾಸ್‌ಗೇ ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೆ ಬಯಾಸ್. ಬೂಟ್ ಮಾಡುವ ಪಟ್ಟಿ ಖಾಲಿ. ಡಿಸ್ಕೇ ಇಲ್ಲವೆಂಬಂತೆ.

ನನ್ನ ಉದ್ಯೋಗವೇನೆಂದು ಇಲ್ಲಿ ಹೇಳಿಬಿಡಬೇಕು. ನಾನು ಪ್ರಾಜೆಕ್ಟ್ ಮ್ಯಾನೇಜರ್. ಗಚ್ಚಿಬೌಲಿಯ ಆಫೀಸಿನಲ್ಲಿ ನಮ್ಮ ವಿಭಾಗದ ಲ್ಯಾಪ್‌ಟಾಪುಗಳನ್ನು ವಿಂಡೋಸ್ 11ಕ್ಕೆ ದಾಟಿಸುವ ಯೋಜನೆಯನ್ನು ಕಳೆದ ವರ್ಷ ನಡೆಸಿದವನು ನಾನೇ. ಯಾರಾದರೂ ಹುಡುಗರು ಬದಲಾವಣೆಗೆ ಅನುಮತಿ ಕೇಳಿದರೆ ನನ್ನ ಮೊದಲ ಪ್ರಶ್ನೆ: ‘ಬ್ಯಾಕಪ್ ಎಲ್ಲಿ? ಕೆಟ್ಟರೆ ಹಿಂದಕ್ಕೆ ಬರುವ ದಾರಿ ಏನು?’ ಉತ್ತರವಿಲ್ಲದೆ ಬಂದವರನ್ನು ಮೀಟಿಂಗಿನಲ್ಲಿ ಎಲ್ಲರೆದುರು ಬೈದದ್ದೂ ಉಂಟು. ಅಪ್ಪನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಆ ಪ್ರಶ್ನೆ ನನಗೇ ಎದುರಾಯಿತು. ಅವರ ಬರಹದ ಕೊನೆಯ ಪ್ರತಿ ಎರಡು ವರ್ಷ ಹಳೆಯ ಒಂದು ಪೆನ್‌ಡ್ರೈವಿನಲ್ಲಿತ್ತು. ಅದರಲ್ಲಿ ಇದ್ದದ್ದು ಅರವತ್ತು ಪುಟ.

ಗಾಬರಿಯಾದವನಿಗೆ ಹೊಳೆಯುವುದು ಯಾವಾಗಲೂ ಅತಿ ದೊಡ್ಡ ಮದ್ದೇ. ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸುವುದು ಬಿಟ್ಟು, ವಿಂಡೋಸ್ 11ರ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಚುಚ್ಚಿದೆ. ಡಿಸ್ಕ್ ಕಾಣಿಸಿತು, ಜೀವ ಬಂತು. ಆದರೆ ಇದರಲ್ಲಿ ಹಾಕಲು ಬರುವುದಿಲ್ಲ, ಇದು ಎಂಬಿಆರ್ ಡಿಸ್ಕ್ ಎಂಬ ಸಂದೇಶ ಬಂತು. ಪಕ್ಕದಲ್ಲೇ ಡಿಲೀಟ್ ಎಂಬ ಗುಂಡಿ. ಹಳೆಯ ಪಾರ್ಟಿಶನ್ ಅಳಿಸಿದರೆ ದಾರಿ ಸರಾಗ. ಪುಟಗಳು ಬೇರೆ ಪಾರ್ಟಿಶನ್ನಿನಲ್ಲಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಮೌಸನ್ನು ಅದರ ಮೇಲೆ ತಂದಿದ್ದೆ.

ಹಿಂದಿನಿಂದ ಅಪ್ಪನ ದನಿ ಬಂತು. ಮಲಗಿದ್ದಾರೆ ಅಂದುಕೊಂಡಿದ್ದೆ.

“ಈಗ ನನ್ನ ಪುಟ ಎಲ್ಲಿ ಅವ ತಮ್ಮಾ?”

ಸಿಟ್ಟಿನಿಂದ ಕೇಳಿದ್ದಲ್ಲ. ಬೋರ್ಡಿನ ಮೇಲಿನ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋದರೆ, ‘ಇದು ಎಲ್ಲಿಂದ ಬಂತು’ ಎಂದು ಹುಡುಗರನ್ನು ಕೇಳುತ್ತಿದ್ದರಲ್ಲ, ಅದೇ ದನಿ. ಉತ್ತರ ಹೇಳಲು ಹೋದೆ, ನನಗೆ ಗೊತ್ತಿರಲಿಲ್ಲ. ಮೌಸಿನಿಂದ ಕೈ ತೆಗೆದೆ.

ಸಂದೇಶವನ್ನು ಮತ್ತೆ ಓದಿದಾಗ ಎಲ್ಲ ಅದರಲ್ಲೇ ಇತ್ತು. 2018ರಲ್ಲಿ ಅವಸರದಲ್ಲಿ ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದವನು ನಾನೇ. ಹೊಸ ಪದ್ಧತಿಯ ಯುಇಎಫ್‌ಐ ಬೂಟಿಗೆ ಡಿಸ್ಕ್ ಜಿಪಿಟಿ ಆಗಿರಬೇಕು. ಸಿಎಸ್‌ಎಂ ಆಫ್ ಮಾಡಿದೊಡನೆ ಆ ಹಳೆಯ ಡಿಸ್ಕಿನಿಂದ ಏಳುವ ದಾರಿ ಮುಚ್ಚಿತ್ತು, ಅಷ್ಟೇ. ಪುಟಗಳು ಇದ್ದಲ್ಲೇ ಇದ್ದವು. ಪೆನ್‌ಡ್ರೈವ್ ಕಿತ್ತು, ಸಿಎಸ್‌ಎಂ ಮತ್ತೆ ಆನ್ ಮಾಡಿದೆ. ಅಪ್ಪನ ಹಳೆಯ ಪರದೆ ಬಂತು. ಮಾನ್ವಿ ಶಾಲೆಯ ಎದುರಿನ ಬೇವಿನ ಮರದ ಫೋಟೋ.

ಆಮೇಲೆ ಆಫೀಸಿನಲ್ಲಿ ಬೇರೆಯವರಿಗೆ ಹೇಳುವ ಕ್ರಮದಲ್ಲೇ ಮಾಡಿದೆ. ಮೊದಲು ಅಪ್ಪನ ಕಡತಗಳ ಎರಡು ಪ್ರತಿ: ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ, ಒಂದು ಕ್ಲೌಡಿಗೆ. ಮರುದಿನ ಸಂಜೆ, ವಿಂಡೋಸಿನಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಎಂಬ ಸಲಕರಣೆಯಿಂದ ಮೊದಲು ಪರೀಕ್ಷೆ ಮಾತ್ರ, ಅದು ಸರಿ ಅಂದ ಮೇಲೆ ಪರಿವರ್ತನೆ. ಇದು ಕಡತಗಳನ್ನು ಅಳಿಸದೆ ಡಿಸ್ಕಿನ ಪದ್ಧತಿಯನ್ನು ಬದಲಿಸುತ್ತದೆ. ನಂತರವೇ ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್. ಟಿಪಿಎಂ ಸಿದ್ಧವಿದೆ, ಆವೃತ್ತಿ 2.0 ಎಂದು ಪರದೆಯಲ್ಲಿ ಬಂತು. ಕೆಂಪು ಗುರುತು ಹಸಿರಾಯಿತು. ನಿಮ್ಮ ಯಂತ್ರದಲ್ಲಿ ಬಿಟ್‌ಲಾಕರ್ ಮೊದಲೇ ಆನ್ ಆಗಿದ್ದರೆ, ಬಯಾಸ್ ಮುಟ್ಟುವ ಮುನ್ನ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕೀಲಿಯನ್ನು ಬರೆದಿಟ್ಟುಕೊಂಡಿರಿ. ಇಲ್ಲದಿದ್ದರೆ ‘ನೀನು ನಿನ್ನಿನವನಲ್ಲ’ ಎಂದು ಚಿಪ್ಪು ಹಟ ಹಿಡಿಯಬಹುದು.

ವಿಂಡೋಸ್ 11 ಬಂದ ಮೇಲೆ ಬಿಟ್‌ಲಾಕರ್ ಹಾಕುವುದೆಂದು ನಿರ್ಧರಿಸಿದೆ. ಅಪ್ಪನ ಪೆನ್ಶನ್, ಬ್ಯಾಂಕು ಎಲ್ಲ ಅದರಲ್ಲೇ. ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿದವನಿಗೆ ಏನೂ ಓದಲು ಆಗಬಾರದು. ಆದರೆ ನಾಳೆ ಬೋರ್ಡೇ ಸುಟ್ಟರೆ ನಮಗೂ ಓದಲು ಆಗುವುದಿಲ್ಲ. ಆಗ ಉಳಿಯುವುದು 48 ಅಂಕಿಗಳ ರಿಕವರಿ ಕೀಲಿಯೊಂದೇ. ಆರು ಅಂಕಿಗಳ ಎಂಟು ಗುಂಪು. ಖಾತೆಯಲ್ಲಿ ಉಳಿಸಿದೆ. ಪ್ರಿಂಟರಿನಲ್ಲಿ ಇಂಕ್ ಇರಲಿಲ್ಲ.

“ನಾ ಬರಕೋತೀನಿ, ಹೇಳು,” ಎಂದು ಅಪ್ಪ ಡೈರಿ ತೆಗೆದರು. ಪಾಸ್‌ವರ್ಡುಗಳನ್ನು ಡೈರಿಯಲ್ಲಿ ಬರೆಯಬೇಡಿ ಎಂದು ನಾನು ಎಷ್ಟೋ ಸಲ ರೇಗಿದ ಅದೇ ಡೈರಿ. ನಾನು ಓದಿದೆ, ಅವರು ಬರೆದರು. ಕನ್ನಡ ಅಂಕಿಗಳಲ್ಲಿ.

“ಇದ್ಯಾಕಪ್ಪಾ ಕನ್ನಡದಾಗ?”

“ಕಳ್ಳಗ ತಿಳೀಬಾರದಂತ.”

“ತೆಲುಗು ಬಂದವಗ ಅರ್ಧ ತಿಳೀತದಲ್ಲ.”

“ಅರ್ಧ ತಿಳದ್ರ ಬೀಗ ತಗೀತದೇನು?”

ಅವರನ್ನು ಖುಷಿಪಡಿಸಲು ಒಂದು ಸಂಗತಿ ಹೇಳಿದೆ. ಈ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ ಹನ್ನೊಂದರಿಂದ ಪೂರ್ತಿ ಭಾಗವಾಗುತ್ತದೆ. ಬರೆಯುವಾಗಿನ ತಪ್ಪು ಅಲ್ಲೇ ಸಿಗಲೆಂದು ಹಾಗೆ ಮಾಡಿದ್ದಾರೆ. ಹೇಳಿ ನಾನು ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಪೆನ್ನಿನ ತುದಿಯನ್ನು ಅಂಕಿ ಬಿಟ್ಟು ಅಂಕಿಗೆ ಇಡುತ್ತ ಮಣಮಣ ಮಾಡುತ್ತಿದ್ದರು. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿ, ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯೋ ಹನ್ನೊಂದರ ಗುಣಕವೋ ಆಗಿದ್ದರೆ ಸರಿ. ಒಂದು ಉದಾಹರಣೆ, ನಮ್ಮ ಕೀಲಿಯದಲ್ಲ: 380237. ಒಂದು ಕಡೆ 3, 0, 3 ಸೇರಿ 6, ಇನ್ನೊಂದು ಕಡೆ 8, 2, 7 ಸೇರಿ 17, ವ್ಯತ್ಯಾಸ 11.

“ಐದನೇದು ತಪ್ಪದ,” ಅಂದರು.

“ಇಲ್ಲಪ್ಪಾ, ನೋಡಿಕೊಂಡೇ ಓದೀನಿ.”

“ಹನ್ನೊಂದರಿಂದ ಹೋಗವಲ್ದು. ನೀ ಮತ್ತೊಮ್ಮೆ ಓದು.”

ಓದಿದೆ. ಮೂರು ಎಂಟು ಇದ್ದದ್ದನ್ನು ಎಂಟು ಮೂರು ಎಂದು ಹೇಳಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಎರಡು ಅಂಕಿಗಳ ಮೇಲೆ ಅಡ್ಡಗೆರೆ ಎಳೆದು, ಮೇಲೆ ಸರಿ ಅಂಕಿ ಬರೆದು, ಉತ್ತರಪತ್ರಿಕೆಯಲ್ಲಿ ಮಾಡುತ್ತಿದ್ದಂತೆ ಪಕ್ಕಕ್ಕೆ ಚಿಕ್ಕ ಸಹಿ ಹಾಕಿದರು. ಉಳಿದ ಮೂರು ಗುಂಪುಗಳನ್ನೂ ನೋಡಿ ಮುಗಿಸಿದ ಮೇಲೆಯೇ ಡೈರಿ ಮುಚ್ಚಿದ್ದು. ಅದರ ಇನ್ನೊಂದು ಪ್ರತಿ ರಾಯಚೂರಿನಲ್ಲಿರುವ ಅಕ್ಕನ ಬೀರುವಿಗೆ ಹೋಯಿತು.

ಮರುದಿನ ಬೆಳಿಗ್ಗೆ ಮತ್ತೆ ಕೂಗು ಬಂತು. ಈ ಸಲ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೋದೆ. ನುಡಿ ತೆರೆದಿತ್ತು, ಪುಟಗಳು ಇದ್ದವು. ಅಪ್ಪನ ದೂರು ಬೇರೆ.

“ಸ್ಟಾರ್ಟ್ ಬಟನ್ ಎಡಕ್ಕಿತ್ತು, ನಡುವ ಯಾಕ ಬಂತು? ಇದಕ್ಕ ಕಾರಣ ಹೇಳು.”

ಕಾರಣ ಹೇಳಲಾಗಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಎಡಕ್ಕೆ ಇಟ್ಟುಕೊಟ್ಟೆ.