ಸೇತುವೆಯಾಚೆಯ ಸಂಸಾರ

ಸ್ವೀಡನ್ ದೇಶದ ದಕ್ಷಿಣ ತುದಿಯಲ್ಲಿ ಮಾಲ್ಮೋ ಎಂಬ ನಗರವಿದೆ. ಅದರ ಸಮುದ್ರದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ, ಮಂಜು ಮುಸುಕದ ದಿನಗಳಲ್ಲಿ, ನೀರಿನಾಚೆಗೆ ಮತ್ತೊಂದು ದೇಶವೇ ಕಾಣುತ್ತದೆ. ಅದು ಡೆನ್ಮಾರ್ಕ್. ಆಚೆಯ ದಡದಲ್ಲಿರುವುದು ಅದರ ರಾಜಧಾನಿ ಕೋಪನ್‌ಹೇಗನ್. ಎರಡು ದಡಗಳ ನಡುವೆ ಹರಡಿರುವುದು ಓರೆಸುಂಡ್ ಜಲಸಂಧಿ. ಎಡಗಡೆಗೆ ತಿರುಗಿದರೆ ಆ ಜಲಸಂಧಿಯ ಮೇಲೆ ಹಾಸಿದ ಉದ್ದನೆಯ ಸೇತುವೆ ಕಣ್ಣಿಗೆ ಬೀಳುತ್ತದೆ.

ಪ್ರವಾಸಿಗಳಿಗೆ ಇದೊಂದು ಸುಂದರ ನೋಟ. ಆದರೆ ಸಂಜೆಯ ಹೊತ್ತು ಆ ದಂಡೆಯಲ್ಲಿ ಅಡ್ಡಾಡುವವರಲ್ಲಿ ಕೆಲವರಿಗೆ ಅದು ಬರಿಯ ನೋಟವಲ್ಲ. ಆಚೆಯ ದಡದಲ್ಲಿ ಅವರು ಹುಟ್ಟಿದ ಮನೆಯಿದೆ, ವಯಸ್ಸಾದ ತಂದೆತಾಯಿಗಳಿದ್ದಾರೆ. ಅಲ್ಲಿಗೆ ಹೋಗಿಬರಲು ಅಡ್ಡಿಯಿಲ್ಲ. ಕೈಹಿಡಿದವರೊಡನೆ ಸಂಸಾರ ಹೂಡಲು ಮಾತ್ರ ಅಡ್ಡಿ. ಏಕೆಂದರೆ ಅವರು ಮೆಚ್ಚಿ ಮದುವೆಯಾದದ್ದು ದೂರದೇಶದ ಪ್ರಜೆಯನ್ನು.

ಉಪ್ಪು ಮತ್ತು ಮೆಣಸು

ಈ ಸೇತುವೆ ಇಂಜಿನಿಯರರ ಜಾಣ್ಮೆಗೆ ಹೆಸರಾದದ್ದು. ದಡದಿಂದ ದಡಕ್ಕೆ ಸುಮಾರು 16 ಕಿಲೋಮೀಟರ್ ದೂರ. ಸ್ವೀಡನ್ನಿನ ಕಡೆಯಿಂದ ಹೊರಟರೆ ಮೊದಲು 7.8 ಕಿಲೋಮೀಟರ್ ಉದ್ದದ ಸೇತುವೆ. ಮೇಲಂತಸ್ತಿನಲ್ಲಿ ಮೋಟಾರುಗಳು, ಕೆಳಗಿನದರಲ್ಲಿ ರೈಲುಗಳು. ನಡುವಿನ ಕಂಬಗಳ ಎತ್ತರ 204 ಮೀಟರ್. ಸೇತುವೆ ಬಂದು ಇಳಿಯುವುದು ಮನುಷ್ಯರೇ ಕಟ್ಟಿದ ದ್ವೀಪವೊಂದರ ಮೇಲೆ. ಅಲ್ಲಿಂದ ಮುಂದಕ್ಕೆ ಹಾದಿಯು ಸಮುದ್ರದ ತಳಕ್ಕೆ ಇಳಿದು, ಸುಮಾರು 4 ಕಿಲೋಮೀಟರ್ ಸುರಂಗದಲ್ಲಿ ಸಾಗಿ, ಕೋಪನ್‌ಹೇಗನ್ನಿನ ವಿಮಾನ ನಿಲ್ದಾಣದ ಬಳಿ ಮೇಲೇಳುತ್ತದೆ. ಅಲ್ಲಿಯೂ ಎತ್ತರದ ಕಂಬಗಳನ್ನು ನಿಲ್ಲಿಸಿದ್ದರೆ ವಿಮಾನಗಳಿಗೆ ತೊಡಕಾಗುತ್ತಿತ್ತು.

ಪಕ್ಕದಲ್ಲಿ ಹಿಂದಿನಿಂದಲೂ ಇದ್ದ ದ್ವೀಪದ ಹೆಸರು ಸಾಲ್ಟ್‌ಹೋಮ್, ಎಂದರೆ ಉಪ್ಪಿನ ದ್ವೀಪ. ಹೊಸ ದ್ವೀಪಕ್ಕೆ ಡೇನರು ಪೇಬರ್‌ಹೋಮ್ ಎಂದು ಹೆಸರಿಟ್ಟರು. ಎಂದರೆ ಮೆಣಸಿನ ದ್ವೀಪ! ಉಪ್ಪಿನ ಪಕ್ಕದಲ್ಲಿ ಮೆಣಸಿರಬೇಡವೇ ಎಂಬ ವಿನೋದ.

2000ನೆಯ ಇಸವಿ ಜುಲೈ 1ರಂದು ಡೆನ್ಮಾರ್ಕಿನ ರಾಣಿಯೂ ಸ್ವೀಡನ್ನಿನ ರಾಜರೂ ಸೇರಿ ಸೇತುವೆಯನ್ನು ಉದ್ಘಾಟಿಸಿದರು. ಎರಡು ನಾಡುಗಳ ನಂಟು ಹೊಸದಲ್ಲ. ಮಾಲ್ಮೋ ಇರುವ ಸ್ಕೋನೆ ಪ್ರಾಂತ ಶತಮಾನಗಳ ಕಾಲ ಡೆನ್ಮಾರ್ಕಿಗೇ ಸೇರಿತ್ತು. 1658ರ ಒಪ್ಪಂದದಲ್ಲಿ ಸ್ವೀಡನ್ನಿನ ಪಾಲಾಯಿತು. ಮಾಲ್ಮೋ ನಗರದ ಹಳೆಯ ಕೋಟೆಯನ್ನು ಕಟ್ಟಿಸಿದವರು ಡೇನಿಶ್ ದೊರೆಗಳು. 1954ರಿಂದ ಈ ಉತ್ತರದ ದೇಶಗಳ ಪ್ರಜೆಗಳು ಒಬ್ಬರ ನಾಡಿನಲ್ಲೊಬ್ಬರು ಪರವಾನಗಿಯಿಲ್ಲದೆ ದುಡಿಯಬಲ್ಲರು. ಹೀಗಾಗಿ, ಮಾಲ್ಮೋವಿನಲ್ಲಿ ಮನೆ, ಕೋಪನ್‌ಹೇಗನ್ನಿನಲ್ಲಿ ಉದ್ಯೋಗ ಎಂಬ ಬಾಳು ಸೇತುವೆಯಿಂದ ಸುಲಭವಾಯಿತು. ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ.

ಆದರೆ ಕಟ್ಟಿದವರು ಎಣಿಸದಿದ್ದ ಒಂದು ಕೆಲಸ ಈ ಸೇತುವೆಗೆ ಎರಡೇ ವರ್ಷಗಳಲ್ಲಿ ಬಂದೊದಗಿತು.

ಇಪ್ಪತ್ತನಾಲ್ಕರ ಕಟ್ಟಳೆ

2001ರ ನವೆಂಬರಿನ ಚುನಾವಣೆಯ ಬಳಿಕ ಡೆನ್ಮಾರ್ಕಿನಲ್ಲಿ ಹೊಸ ಸರಕಾರ ಬಂದಿತು. ಪರದೇಶೀಯರ ವಲಸೆಯನ್ನು ತಗ್ಗಿಸುವುದಾಗಿ ಅದು ಮಾತು ಕೊಟ್ಟಿತ್ತು. 2002ರ ಜುಲೈ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿತು. ಅದರ ಪ್ರಕಾರ, ಐರೋಪ್ಯ ಒಕ್ಕೂಟದ ಹಾಗೂ ಉತ್ತರದ ದೇಶಗಳ ಹೊರಗಿನ ಪ್ರಜೆಯನ್ನು ಮದುವೆಯಾದವರು ಡೆನ್ಮಾರ್ಕಿನಲ್ಲಿ ಕೂಡಿ ಬಾಳಬೇಕಾದರೆ ಗಂಡಹೆಂಡಿರಿಬ್ಬರಿಗೂ 24 ವರ್ಷ ತುಂಬಿರಬೇಕು. ಅಷ್ಟೇ ಸಾಲದು. ಇಬ್ಬರ ಸಂಬಂಧಗಳನ್ನೂ ಕೂಡಿಸಿ ತೂಗಿದಾಗ, ಬೇರೆ ಯಾವ ದೇಶಕ್ಕಿಂತಲೂ ಡೆನ್ಮಾರ್ಕಿನ ತಟ್ಟೆಯೇ ಕೆಳಗಿಳಿಯಬೇಕು. ಬ್ಯಾಂಕಿನಲ್ಲಿ 50,000 ಕ್ರೋನರ್ ಜಾಮೀನು ಇಡಬೇಕು. ಮನೆ ಸ್ವತಂತ್ರವಾಗಿರಬೇಕು, ತಕ್ಕಷ್ಟು ವಿಶಾಲವಾಗಿರಬೇಕು. ಸರಕಾರದಿಂದ ಜೀವನೋಪಾಯದ ನೆರವು ಪಡೆಯುತ್ತಿರಬಾರದು.

ಎಳೆಯರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಬಲವಂತದ ಮದುವೆಯಿಂದ ಕಾಪಾಡುವುದಕ್ಕೆ ಈ ಕಟ್ಟಳೆ ಎಂದು ಸರಕಾರ ಹೇಳಿತು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಹಿರಿಯರ ಒತ್ತಾಯಕ್ಕೆ ತಲೆಬಾಗಿ ಕಾಣದ ನಾಡಿನ ವರನಿಗೆ ಕೊರಳೊಡ್ಡಿದ ಹುಡುಗಿಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ಬಲವಂತಕ್ಕೆಂದು ಬೀಸಿದ ಬಲೆಯಲ್ಲಿ ಒಲಿದು ಮದುವೆಯಾದವರೂ ಸಿಕ್ಕಿಬಿದ್ದರು. ಅವರ ಕಷ್ಟವನ್ನು ಎತ್ತಿ ಹೇಳಲು ‘ಗಡಿಯಿಲ್ಲದ ವಿವಾಹ’ ಎಂಬ ಅರ್ಥದ ಹೆಸರಿನ ಸಂಘವೊಂದು ಡೆನ್ಮಾರ್ಕಿನಲ್ಲಿ ಹುಟ್ಟಿಕೊಂಡಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕೋಪನ್‌ಹೇಗನ್ನಿನ ಆಸ್ಪತ್ರೆಯೊಂದರಲ್ಲಿ 23 ವರ್ಷದ ದಾದಿ. ಅವಳು ಮೆಚ್ಚಿದವನು ಬೆಂಗಳೂರಿನ ಒಬ್ಬ ತರುಣ. ಮನೆಯವರು ಒಪ್ಪಿದರು, ಮದುವೆಯೂ ಆಯಿತು. ಮುಂದೆ ಸಂಸಾರ ಎಲ್ಲಿ? ಇವರ ಮುಂದಿರುವ ಹಾದಿಗಳು ನಾಲ್ಕು.

ಮೊದಲನೆಯದು, ಕಾಯುವುದು. ಅವಳಿಗೆ 24 ತುಂಬುವವರೆಗೆ ಅವನು ಬೆಂಗಳೂರಿನಲ್ಲಿ, ಅವಳು ಕೋಪನ್‌ಹೇಗನ್ನಿನಲ್ಲಿ. ವಯಸ್ಸು ತುಂಬಿದ ಮೇಲೂ ಉಳಿದ ನಿಬಂಧನೆಗಳು ಕಾದಿರುತ್ತವೆ.

ಎರಡನೆಯದು, ಅವನು ಗಂಡನಾಗಿ ಬರುವ ಬದಲು ಕೆಲಸಗಾರನಾಗಿ ಬರುವುದು. ಡೆನ್ಮಾರ್ಕಿನ ಸಂಸ್ಥೆಯೊಂದು ತಕ್ಕ ಸಂಬಳದ ಉದ್ಯೋಗ ಕೊಟ್ಟರೆ ಅದರ ಮೇಲೆ ವಾಸದ ಪರವಾನಗಿ ದೊರೆಯುತ್ತದೆ. ಮದುವೆಯ ಪ್ರಶ್ನೆಯೇ ಬರುವುದಿಲ್ಲ. ಆದರೆ ಉದ್ಯೋಗ ಹೋದರೆ ಪರವಾನಗಿಯ ಬುಡವೇ ಅಲುಗುತ್ತದೆ.

ಮೂರನೆಯದು, ಅವಳೇ ಬೆಂಗಳೂರಿಗೆ ಬರುವುದು. ಭಾರತೀಯನ ಪತ್ನಿಗೆ ಇಲ್ಲಿ ಪ್ರವೇಶದ ವೀಸಾ ಸಿಗುತ್ತದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿದ್ದರೆ ‘ಭಾರತದ ಸಾಗರೋತ್ತರ ನಾಗರಿಕ’ ಎಂಬ ಚೀಟಿಗೆ ಅರ್ಜಿ ಹಾಕಬಹುದು. ಅದು ಆಜೀವ ವೀಸಾ ಇದ್ದಂತೆ, ಮತದಾನದ ಹಕ್ಕಿಲ್ಲ. ಭಾರತವು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಪೂರ್ಣ ಭಾರತೀಯಳಾಗಲು ಅವಳು ಡೇನಿಶ್ ಪೌರತ್ವವನ್ನು ಬಿಡಬೇಕಾಗುತ್ತದೆ.

ನಾಲ್ಕನೆಯದು, ಸೇತುವೆ.

ಮಾಲ್ಮೋವಿನ ಬಾಳು

ಐರೋಪ್ಯ ಒಕ್ಕೂಟದ ಯಾವುದೇ ದೇಶದ ಪ್ರಜೆ ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗಿ, ದುಡಿಯುತ್ತಲೋ ಓದುತ್ತಲೋ ಸ್ವಂತ ಹಣದಿಂದಲೋ ನೆಲಸಬಹುದು. ಜೊತೆಗೆ ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಬರಬಹುದು. ಅಲ್ಲಿ ಇಪ್ಪತ್ತನಾಲ್ಕರ ಲೆಕ್ಕವಿಲ್ಲ. ಯಾವ ದೇಶದ ನಂಟು ಹೆಚ್ಚೆಂದು ತೂಗುವ ತಕ್ಕಡಿಯೂ ಇಲ್ಲ. ತನ್ನ ದೇಶದಲ್ಲಿಯೇ ಇರುವ ಡೇನಿಶ್ ಪ್ರಜೆಗೆ ದೊರೆಯದ ಹಕ್ಕು ಆಕೆ ಗಡಿ ದಾಟಿದ ಕ್ಷಣದಲ್ಲಿ ಕೈಗೆ ಬರುತ್ತದೆ! ಅನೇಕ ದಂಪತಿಗಳು ಗಂಟುಮೂಟೆ ಕಟ್ಟಿ ಮಾಲ್ಮೋವಿಗೆ ಹೊರಟರು. ಪತ್ರಿಕೆಗಳು ಇದನ್ನು ‘ಪ್ರೇಮದ ಸೇತುವೆ’ ಎಂದು ಕರೆದವು.

ಅವರನ್ನು ಬರಮಾಡಿಕೊಂಡ ನಗರವೂ ಆಗ ಮಗ್ಗುಲು ಬದಲಿಸುತ್ತಿತ್ತು. ಮಾಲ್ಮೋ ಒಂದು ಕಾಲಕ್ಕೆ ಹಡಗು ಕಟ್ಟುವವರ ಊರು. ಅಲ್ಲಿನ ಹಡಗುಕಟ್ಟೆಯಲ್ಲಿದ್ದ 138 ಮೀಟರ್ ಎತ್ತರದ ಭಾರಿ ಕ್ರೇನನ್ನು ದಕ್ಷಿಣ ಕೊರಿಯದ ಕಂಪೆನಿಯೊಂದು ಒಂದೇ ಒಂದು ಡಾಲರಿಗೆ ಕೊಂಡು, ಬಿಚ್ಚಿಸಿ ಒಯ್ದದ್ದು ಅದೇ 2002ರಲ್ಲಿ. ಹಳೆಯ ಹಡಗುಕಟ್ಟೆಯ ನೆಲದ ಮೇಲೆ ಹೊಸ ಬಡಾವಣೆ ಎದ್ದಿತು. 2005ರಲ್ಲಿ ಮೈ ತಿರುಚಿ ನಿಂತಂತೆ ಕಾಣುವ 190 ಮೀಟರ್ ಎತ್ತರದ ಕಟ್ಟಡವೊಂದು ತಲೆಯೆತ್ತಿತು. ಇಂದು ನಗರದ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪರದೇಶಗಳಲ್ಲಿ ಹುಟ್ಟಿದವರು. ಮೊಲ್ಲೆವೊಂಗೆನ್ ಚೌಕದಲ್ಲಿ ಹಣ್ಣು ತರಕಾರಿಗಳ ಸಂತೆ ನೆರೆಯುತ್ತದೆ. ಸುತ್ತಲಿನ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆಗಳು ಸಿಗುತ್ತವೆ. ದೂರದಿಂದ ಬಂದ ಸೊಸೆಗೂ ಅಳಿಯನಿಗೂ ಇಲ್ಲಿ ಪರಕೀಯರೆಂಬ ಅಳುಕು ಕಡಿಮೆ.

ಆದರೂ ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆಯ ಎರಡು ಕಷ್ಟಗಳೂ ಇಲ್ಲಿ ಒಂದೇ ಸಲಕ್ಕೆ ಬಂದೊದಗುತ್ತವೆ. ಬಾಡಿಗೆ ಮನೆಗೆ ಸರದಿ ಉದ್ದ. ಡೆನ್ಮಾರ್ಕಿನಲ್ಲಿ ದುಡಿದ ಸಂಬಳಕ್ಕೆ ಅಲ್ಲಿಯೇ ತೆರಿಗೆ. ಮನೆಯ ಖರ್ಚು ಸ್ವೀಡನ್ನಿನ ನಾಣ್ಯದಲ್ಲಿ. ಡೇನಿಶ್ ಸಂಗಾತಿ ಬೆಳಗ್ಗೆ ರೈಲು ಹತ್ತಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗಬಹುದು. ಪರದೇಶದ ಸಂಗಾತಿ ಅದೇ ರೈಲಿನಲ್ಲಿ ಅತ್ತೆಮಾವಂದಿರನ್ನು ನೋಡಲು ಹೋಗಬಹುದೇ ಹೊರತು, ಸ್ವೀಡನ್ನಿನ ಪರವಾನಗಿ ಹಿಡಿದು ಅಲ್ಲಿ ದುಡಿಯುವಂತಿಲ್ಲ. ಮಕ್ಕಳು ಶಾಲೆಯಲ್ಲಿ ಸ್ವೀಡಿಷ್, ಅಜ್ಜಿಯ ಮನೆಯಲ್ಲಿ ಡೇನಿಶ್, ಮನೆಯೊಳಗೆ ಮೂರನೆಯದೊಂದು ನುಡಿ ಕಲಿಯಬೇಕು. 2016ರ ಜನವರಿಯಿಂದ 2017ರ ಮೇವರೆಗೆ, ನಿರಾಶ್ರಿತರ ಪ್ರವಾಹವನ್ನು ತಡೆಯಲು ಸ್ವೀಡನ್ ಸರಕಾರವು ರೈಲು ಹತ್ತುವ ಮುನ್ನವೇ ಗುರುತಿನ ಚೀಟಿಯ ತಪಾಸಣೆ ನಡೆಸಿತು. ನಿತ್ಯದ ಪ್ರಯಾಣಿಕರು ವಿಮಾನ ನಿಲ್ದಾಣದಲ್ಲಿ ಇಳಿದು, ಸಾಲಿನಲ್ಲಿ ನಿಂತು, ಇನ್ನೊಂದು ರೈಲು ಹಿಡಿಯಬೇಕಾಯಿತು. ಅರ್ಧ ಗಂಟೆಯ ಹಾದಿಯೂ ಎರಡು ದೇಶಗಳ ನಡುವಿನ ಹಾದಿಯೇ ಎಂಬುದು ಆಗ ಅವರಿಗೆ ನೆನಪಾಯಿತು.

ಹನ್ನೆರಡು ವರ್ಷಗಳ ವ್ಯಾಜ್ಯ

ಈ ಸೇತುವೆಯನ್ನು ದಾಟಿದ ಒಂದು ಕುಟುಂಬದ ಕಥೆ ಐರೋಪ್ಯ ನ್ಯಾಯದ ಇತಿಹಾಸದಲ್ಲಿ ಸೇರಿಹೋಗಿದೆ. ಬಿಯಾವೋ ಎಂಬಾತ ಟೋಗೋ ದೇಶದಲ್ಲಿ ಹುಟ್ಟಿ, ಘಾನಾದಲ್ಲಿ ಬೆಳೆದು, 1993ರಲ್ಲಿ ಡೆನ್ಮಾರ್ಕಿಗೆ ಬಂದವನು. 2002ರಲ್ಲಿ ಡೇನಿಶ್ ಪ್ರಜೆಯಾದನು. ಮರುವರ್ಷ ಘಾನಾದಲ್ಲಿ ಮದುವೆಯಾದನು. ಪತ್ನಿಯ ವಾಸಕ್ಕೆ ಹಾಕಿದ ಅರ್ಜಿಯನ್ನು ಅಧಿಕಾರಿಗಳು ತಿರಸ್ಕರಿಸಿದರು. ಇಬ್ಬರ ನಂಟೂ ಸೇರಿದರೆ ಘಾನಾದ ಕಡೆಗಿಂತ ಡೆನ್ಮಾರ್ಕಿನ ಕಡೆಗೆ ಹೆಚ್ಚಿಲ್ಲವೆಂಬುದು ಕಾರಣ. 2003ರ ನವೆಂಬರಿನಲ್ಲಿ ದಂಪತಿಗಳು ಮಾಲ್ಮೋವಿಗೆ ಹೋದರು. 2004ರಲ್ಲಿ ಅಲ್ಲಿ ಅವರಿಗೆ ಮಗ ಹುಟ್ಟಿದನು.

ಅಷ್ಟರಲ್ಲಿ ಕಾಯಿದೆಗೆ ಒಂದು ತಿದ್ದುಪಡಿ ಬಂದಿತ್ತು: 28 ವರ್ಷಗಳಿಂದ ಡೇನಿಶ್ ಪ್ರಜೆಯಾಗಿದ್ದವರಿಗೆ ನಂಟಿನ ತಕ್ಕಡಿಯಿಂದ ವಿನಾಯಿತಿ. ಹುಟ್ಟಿನಿಂದ ಡೇನನಾದವನಿಗೆ 28ನೆಯ ವಯಸ್ಸಿನಲ್ಲಿ ದೊರೆಯುವ ಈ ಸವಲತ್ತು ಬಿಯಾವೋವಿಗೆ ದೊರೆಯಬೇಕಾದರೆ 2030ರವರೆಗೆ ಕಾಯಬೇಕು. ಆಗ ಅವನಿಗೆ 59 ವರ್ಷ! ಇಬ್ಬರು ಪ್ರಜೆಗಳು, ಒಂದೇ ಪೌರತ್ವ, ಎರಡು ಅಳತೆ. ಡೆನ್ಮಾರ್ಕಿನ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ನಾಲ್ವರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ ಅವನ ಮನವಿಯನ್ನು ತಳ್ಳಿಹಾಕಿತು. ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠವು 2016ರ ಮೇ 24ರಂದು, 12 ಮತಗಳಿಗೆ 5ರಂತೆ, ಈ ನಿಯಮವು ಮೂಲವನ್ನು ನೋಡಿ ಭೇದವೆಣಿಸುವಂಥದೆಂದು ತೀರ್ಪಿತ್ತಿತು. ಅಷ್ಟು ಹೊತ್ತಿಗೆ ಮಾಲ್ಮೋವಿನಲ್ಲಿ ಹುಟ್ಟಿದ ಮಗನಿಗೆ ಹನ್ನೆರಡು ವರ್ಷ.

ಹಿಂದಿರುಗುವ ದಾರಿ

ಮಾಲ್ಮೋವಿಗೆ ಹೋದವರಲ್ಲಿ ಹಲವರ ಕಣ್ಣು ಇದ್ದದ್ದು ಹಿಂದಿರುಗುವ ದಾರಿಯ ಮೇಲೆ. ಆ ದಾರಿಗೆ ಒಬ್ಬ ಭಾರತೀಯನ ಹೆಸರಿದೆಯೆಂದರೆ ಓದುಗರಿಗೆ ಅಚ್ಚರಿಯಾದೀತು. ಸುರೀಂದರ್ ಸಿಂಗ್ ಎಂಬಾತ 1982ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬಳನ್ನು ಮದುವೆಯಾದನು. ಇಬ್ಬರೂ ಜರ್ಮನಿಯಲ್ಲಿ ಕೆಲವು ವರ್ಷ ದುಡಿದು ಬ್ರಿಟನ್ನಿಗೆ ಮರಳಿದರು. ಅವನು ಅಲ್ಲಿರಬಹುದೇ ಎಂಬ ಪ್ರಶ್ನೆ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. ಬೇರೊಂದು ಸದಸ್ಯ ದೇಶದಲ್ಲಿ ದುಡಿದು ತಾಯ್ನಾಡಿಗೆ ಮರಳುವ ಪ್ರಜೆಯು ತನ್ನ ಸಂಗಾತಿಯನ್ನೂ ಐರೋಪ್ಯ ಕಾನೂನಿನ ಆಸರೆಯಲ್ಲಿ ಕರೆತರಬಹುದೆಂದು 1992ರಲ್ಲಿ ತೀರ್ಪಾಯಿತು. 2020ರಲ್ಲಿ ಒಕ್ಕೂಟವನ್ನು ಬಿಟ್ಟ ಬ್ರಿಟನ್ನಿನಲ್ಲಿ ಆ ಬಾಗಿಲು ಮುಚ್ಚಿತು. ಡೇನರಿಗೆ ಅದು ಉಳಿದಿದೆ. 2008ರ ಜುಲೈಯಲ್ಲಿ ಐರ್ಲೆಂಡಿನ ಮೊಕದ್ದಮೆಯೊಂದರಲ್ಲಿ ಹೊರಬಿದ್ದ ಮೆಟಾಕ್ ತೀರ್ಪು ಅದನ್ನು ಇನ್ನಷ್ಟು ಅಗಲ ಮಾಡಿತು. ಸಂಗಾತಿಯು ಮೊದಲು ಬೇರೊಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದಿರಬೇಕೆಂಬ ಷರತ್ತು ಅದರಿಂದ ಬಿದ್ದುಹೋಯಿತು.

ಆದರೆ ವಿಳಾಸಕ್ಕೊಂದು ಕೊಠಡಿ ಹಿಡಿದು ಹಳೆಯ ಮನೆಯಲ್ಲಿಯೇ ಮಲಗುವವರಿಗೆ ಈ ದಾರಿ ತೆರೆಯದು. ಪರದೇಶದ ವಾಸ ನಿಜವಾದದ್ದಾಗಿರಬೇಕು. ಮೂರು ತಿಂಗಳಿಗೆ ಮೀರಿರಬೇಕು. ಅಲ್ಲಿ ಕುಟುಂಬವಾಗಿ ಬಾಳಿದ್ದಕ್ಕೆ ಸಾಕ್ಷಿ ಬೇಕು. ಬಾಡಿಗೆಯ ಕರಾರು, ಸಂಬಳದ ಚೀಟಿಗಳು, ಮಗುವಿನ ಶಾಲೆಯ ಕಾಗದ — ಒಂದನ್ನೂ ಎಸೆಯುವಂತಿಲ್ಲ.

ಕಟ್ಟಳೆಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಡೆನ್ಮಾರ್ಕಿನ ನಂಟಿನ ತಕ್ಕಡಿಯನ್ನು 2018ರಲ್ಲಿ ತೆಗೆದು, ಭಾಷೆ, ಉದ್ಯೋಗ, ವಿದ್ಯಾಭ್ಯಾಸಗಳನ್ನು ನೋಡುವ ಬೇರೊಂದು ನಿಬಂಧನೆಯನ್ನು ತಂದರು. ನೆರೆಮನೆಯವರು ಐದು ವರ್ಷದ ಹಿಂದೆ ಮಾಡಿದ್ದನ್ನೇ ನೆಚ್ಚಿ ಹೊರಟವರು ಮೋಸಹೋದಾರು. ಪರದೇಶದವರೊಡನೆ ಮದುವೆಯ ಮಾತು ನಡೆದಿರುವ ಮನೆಯವರು, ಲಗ್ನದ ದಿನ ಗೊತ್ತುಮಾಡುವ ಮೊದಲೇ, ಎರಡೂ ದೇಶಗಳ ವಲಸೆ ಇಲಾಖೆಗಳ ಇಂದಿನ ನಿಯಮವನ್ನು ತಿಳಿದುಕೊಳ್ಳುವುದು ಲೇಸು. ಯಾವ ಹಾದಿಯಲ್ಲಿ ಪರವಾನಗಿ ಬೇಗ ಸಿಗುತ್ತದೆ ಎಂಬುದೊಂದೇ ಪ್ರಶ್ನೆಯಲ್ಲ. ಇಬ್ಬರಿಗೂ ದುಡಿಯುವ ಹಕ್ಕು ಎಲ್ಲಿದೆ, ಉದ್ಯೋಗ ಕೈಬಿಟ್ಟರೆ ಉಳಿಯುವುದೇನು, ಮಕ್ಕಳು ಯಾವ ನುಡಿಯಲ್ಲಿ ಬೆಳೆಯುತ್ತಾರೆ, ವೃದ್ಧರಾದ ತಂದೆತಾಯಿಗಳ ಬಳಿಗೆ ಮರಳಲು ಬಾಗಿಲು ತೆರೆದಿರುತ್ತದೆಯೇ ಎಂಬುದನ್ನೂ ತೂಗಿ ನೋಡಬೇಕು.

ಕನ್ನಡ ನಾಡಿನಲ್ಲಿ ಮದುವೆಯಾದ ಹೆಣ್ಣು ತವರನ್ನು ಬಿಟ್ಟು ಗಂಡನ ಮನೆಗೆ ಹೋಗುವುದು ವಾಡಿಕೆ. ಒಬ್ಬರು ಬಿಟ್ಟುಬಂದರೆ ಇನ್ನೊಬ್ಬರ ಮನೆ ತುಂಬುತ್ತದೆ. ಓರೆಸುಂಡಿನ ದಂಡೆಯಲ್ಲಿ ಇಬ್ಬರೂ ತವರನ್ನು ಬಿಟ್ಟು, ಇಬ್ಬರದೂ ಅಲ್ಲದ ಮೂರನೆಯ ಊರಿನಲ್ಲಿ ಒಲೆ ಹೊತ್ತಿಸುತ್ತಾರೆ. ಕತ್ತಲಾದ ಮೇಲೆ ಕಿಟಕಿಯಿಂದ ನೋಡಿದರೆ ಸೇತುವೆಯ ದೀಪಗಳ ಸಾಲು ಮೆಣಸಿನ ದ್ವೀಪದ ಕಡೆಗೆ ಸಾಗಿ ಕಣ್ಮರೆಯಾಗುತ್ತದೆ. ಆಚೆಯ ದಡದಲ್ಲಿ ಯಾರದೋ ತಾಯಿ ಭಾನುವಾರದ ಊಟಕ್ಕೆ ಮಗಳನ್ನೂ ಅಳಿಯನನ್ನೂ ಕರೆದಿರುತ್ತಾಳೆ. ಅವರು ಬರುತ್ತಾರೆ, ಉಣ್ಣುತ್ತಾರೆ, ರಾತ್ರಿಯ ರೈಲಿಗೆ ಹೊರಡುವಾಗ ಪಾಸ್‌ಪೋರ್ಟು ಜೇಬಿನಲ್ಲಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.