ಅಂಗಡಿಯ ಹಿಡಿಸೂಡಿ

ಸಂಘದ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ ‘ಜಲಗಾರ’ವನ್ನು ಆರಿಸಿಕೊಂಡಿದ್ದೆವು. ಪ್ರದರ್ಶನಕ್ಕೆ ಇಪ್ಪತ್ತೈದು ದಿನಗಳಿರುವಾಗ ಮುಖ್ಯ ಪಾತ್ರಧಾರಿಗೆ ಕೊಲ್ಲಿಯ ಉದ್ಯೋಗದ ವೀಸಾ ಬಂದಿತು. ಕಾಸರಗೋಡಿನಲ್ಲಿ ನಾಟಕ ಕಟ್ಟುವವರಿಗೆ ಇದು ಹೊಸ ಅನುಭವವೇನಲ್ಲ. ಬದಲಿಗೆ ದೊರೆತವನು ಬಟ್ಟೆಯಂಗಡಿಯ ಒಬ್ಬ ನೌಕರ. ಪರದೆ ಕಟ್ಟಲು ಬರುತ್ತಿದ್ದವನು, ಒಮ್ಮೆಯೂ ರಂಗವೇರಿದವನಲ್ಲ.

ಮೊದಲ ದಿನ ಅವನ ಕೈಯಲ್ಲಿದ್ದ ಹಾಳೆಗಳು ನಡುಗುವ ಸದ್ದು ನನಗೆ ಕೇಳಿಸುತ್ತಿತ್ತು. ದನಿ ಗಂಟಲು ದಾಟಲೊಲ್ಲದು. ಉಸಿರನ್ನು ತುಂಬಿಕೊಳ್ಳುವುದು, ಕೊನೆಯ ಸಾಲಿನ ಕುರ್ಚಿಗೆ ಕೇಳಿಸುವಂತೆ ನುಡಿಯುವುದು, ನಾನು ಬಲ್ಲ ಉಪಾಯಗಳೆಲ್ಲ ಮುಗಿದವು. ಜೊತೆಗೆ, ಅಧ್ಯಾಪಕ ವೃತ್ತಿಯ ದುರಭ್ಯಾಸ ನೋಡಿ, ಉಚ್ಚಾರಣೆಯನ್ನೂ ತಿದ್ದುತ್ತಿದ್ದೆ. ‘ಭಕ್ತ’ ಎಂಬುದು ಅವನ ಬಾಯಲ್ಲಿ ‘ಬಕ್ತ’ವಾಗುತ್ತಿತ್ತು. ಪ್ರತಿಸಲವೂ ತಡೆದೆ. ಐದನೆಯ ದಿನ ಅವನು ಬರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯ ಬಳಿ ಹೋದಾಗ ಅವನು ಜಗಲಿ ಗುಡಿಸುತ್ತಿದ್ದ.

“ನನ್ನಿಂದ ಆಗ್ಲಿಕ್ಕಿಲ್ಲ ಮಾಷ್ಟ್ರೇ. ಮನೆಯಲ್ಲಿ ತುಳು, ಕಲಿತದ್ದು ಮಲಯಾಳದಲ್ಲಿ. ನನ್ನ ಕನ್ನಡ ಕೇಳಿದ್ರೆ ಜನ ನಗಾಡ್ಲಿಕ್ಕಿಲ್ವಾ?”

ನನಗೆ ಉತ್ತರ ತೋಚಲಿಲ್ಲ. ಇದು ಪಾರ್ತಿಸುಬ್ಬನ ನಾಡು. ತಾಳಮದ್ದಳೆಯಲ್ಲಿ ಅರ್ಥಧಾರಿಯ ಒಂದು ಶಬ್ದ ಜಾರಿದರೂ ಗುರುತಿಸುವ ಶ್ರೋತೃಗಳು ಇನ್ನೂ ಇದ್ದಾರೆ. 1956ರ ಬಳಿಕ ಇಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕೆಂದು ಹೋರಾಡಿದ ನಾವೇ, ಅದನ್ನು ಅರೆಬರೆ ಕಲಿತವನು ಬಾಯಿ ತೆರೆಯಲು ಅಂಜುವಂತೆ ಮಾಡಿದೆವೇನೋ. ಅವನಿಗಿದ್ದುದು ರಂಗದ ಭಯವಲ್ಲ, ನನ್ನಂಥವರ ಭಯ.

ಅಷ್ಟರಲ್ಲಿ ಪಕ್ಕದ ಅಂಗಡಿಯವನು ಏನೋ ಕೇಳಿದ. ಇವನು ಸೊಂಟ ಬಗ್ಗಿಸಿ ಗುಡಿಸುತ್ತಲೇ, ತಲೆಯೆತ್ತದೆ, ನಿರಾಳವಾಗಿ ಮಲಯಾಳದಲ್ಲಿ ಉತ್ತರಿಸಿದ. ಅದೇ ಗಂಟಲು, ಅದೇ ಕೈ! ಎಲ್ಲಿಯೂ ನಡುಕವಿಲ್ಲ.

“ಸಂಜೆ ಈ ಹಿಡಿಸೂಡಿ ತೆಗೆದುಕೊಂಡು ಬಾ. ಹಾಳೆ ಬೇಡ,” ಎಂದೆ.

ರಷ್ಯದ ಸ್ತಾನಿಸ್ಲಾವ್‌ಸ್ಕಿ ತನ್ನ ಕೊನೆಗಾಲದಲ್ಲಿ ಭಾವಕ್ಕಿಂತ ಮೊದಲು ದೈಹಿಕ ಕ್ರಿಯೆಯನ್ನು ಹಿಡಿಯಿರೆಂದು ನಟರಿಗೆ ಹೇಳಿದ್ದನ್ನು ಓದಿದ್ದೆ. ಓದಿದ್ದು ಬೇಕಾದಾಗ ನೆನಪಾಗಿರಲಿಲ್ಲ. ಅಂಜಿದವನಿಗೆ ‘ಭಾವ ತುಂಬಿ ಹೇಳು’ ಎಂದರೆ ಎಲ್ಲಿಂದ ತಂದಾನು? ಬೀದಿ ಗುಡಿಸು ಎಂದರೆ ಗುಡಿಸಬಲ್ಲ. ಜಲಗಾರನ ಕಾಯಕವೂ ಅದೇ ತಾನೆ. ಶಿವನೇ ಜಲಗಾರನ ವೇಷದಲ್ಲಿ ಬಂದು ಭೇಟಿಯಾಗುವುದು ಆ ಕಾಯಕದವನನ್ನೇ.

ಆ ಸಂಜೆ ಅವನು ರಂಗವನ್ನು ಮೂಲೆಯಿಂದ ಮೂಲೆಗೆ ನಿಜವಾಗಿಯೇ ಗುಡಿಸಿದ. ಎರಡನೆಯ ಸಲ ಗುಡಿಸುವಾಗ ನಾನು ಒಂದೊಂದೇ ಸಾಲು ಹೇಳಿಕೊಟ್ಟೆ, ಅವನು ಕೆಲಸ ಬಿಡದೆ ನುಡಿದ. ಸರಳ ರಗಳೆಯ ಸಾಲುಗಳು ಒಂದರೊಳಗೊಂದು ಹರಿಯುವುದರಿಂದ ಎಲ್ಲಿ ಉಸಿರು ತೆಗೆಯಬೇಕೆಂಬುದು ನುರಿತವರಿಗೂ ತೊಡಕು. ಅವನಿಗೆ ಹಿಡಿಸೂಡಿಯ ಎಳೆತವೇ ಅದನ್ನು ತೋರಿಸಿಕೊಟ್ಟಿತು. ‘ಬಕ್ತ’ ಬಂತು. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅದು ನನ್ನ ಅಭ್ಯಾಸ, ಅವನದಕ್ಕಿಂತ ಕಠಿಣವಾಗಿತ್ತು.

ಪ್ರದರ್ಶನದಂದು ಮುಂದಿನ ಸಾಲಿನಲ್ಲಿ ಹಿರಿಯ ಅರ್ಥಧಾರಿಗಳೊಬ್ಬರು ಕುಳಿತಿದ್ದರು. ಹತ್ತು ಕಡೆಗಳಲ್ಲಿ ಮಹಾಪ್ರಾಣ ಸರಿಯಾಯಿತು, ಎರಡು ಕಡೆ ತಪ್ಪಿತು. ಯಾರೂ ನಗಲಿಲ್ಲ. ಮುಗಿದ ಮೇಲೆ ಆ ಹಿರಿಯರು ಒಳಗೆ ಬಂದು ಅವನ ಬೆನ್ನು ತಟ್ಟಿ, “ಯಾವ ಊರು ಮಾರಾಯ?” ಎಂದು ಕೇಳಿದರು. ಅವನು ತಡವರಿಸದೆ ಕನ್ನಡದಲ್ಲಿಯೇ ಹೇಳಿದ.

ನೆನಪಿಗಾಗಿ ಆ ಹಿಡಿಸೂಡಿಯನ್ನು ಸಂಘದಲ್ಲಿಡೋಣವೆಂದು ನಾನು ಕೈಚಾಚಿದೆ. ಅವನು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಬೇಡ ಮಾಷ್ಟ್ರೇ, ಇದು ಅಂಗಡಿದ್ದು. ನಾಳೆ ಬೆಳಗ್ಗೆ ಬೇಕು.”