ಬಣ್ಣಕ್ಕೆ ಅಂಟಿಸಿದ ಕಾರ್ನಿಸ್

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ಮೂವರು ಹಾಸನಕ್ಕೆ ಹೋದದ್ದು ಸುಮ್ಮನೆ ನಾಲ್ಕು ದಿನ ಇದ್ದು ಬರೋಣ ಅಂತ. ನಮ್ಮಲ್ಲೊಬ್ಬನ ಮನೆ ಅಲ್ಲಿದೆ. ಅವನ ಅಕ್ಕನ ನಿಶ್ಚಿತಾರ್ಥಕ್ಕೆ ಎರಡು ವಾರ ಬಾಕಿ ಇತ್ತು. ಹಾಲ್‌ನಲ್ಲಿ ಗೋಡೆ ಮತ್ತು ತಾರಸಿ ಕೂಡುವ ಕಡೆ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಅದು ಮುಚ್ಚುವ ಹಾಗೆ ಸುತ್ತಲೂ ಪಿಓಪಿ ಕಾರ್ನಿಸ್ ಹಾಕಿಸಬೇಕು ಅಂತ ಅಪ್ಪನ ಆಸೆ. ಮೇಸ್ತ್ರಿ ಹೇಳಿದ ಕೂಲಿ ಕೇಳಿ ಸುಮ್ಮನಾದರು. ಮುಂದೆ ಮದುವೆ ಖರ್ಚು ಬೇರೆ ಇದೆಯಲ್ಲ.

"ನಾವಿದ್ದೀವಲ್ಲ ಅಪ್ಪ, ನಾವೇ ಹಾಕ್ತೀವಿ" ಅಂದುಬಿಟ್ಟೆವು. ಅಪ್ಪ ನಂಬಿ ಸಾಮಾನಿಗೆ ದುಡ್ಡು ಕೊಟ್ಟರು.

ಹಾಲ್ 14 ಅಡಿಗೆ 12. ಸುತ್ತಳತೆ 52 ಅಡಿ. ಅಂಗಡಿಯಲ್ಲಿ ಸಿಗೋ ಪಟ್ಟಿ 8 ಅಡಿಯದು. ಕಾಗದದ ಮೇಲೆ ಲೆಕ್ಕ ಹಾಕಿ ಸರಿಯಾಗಿ ಏಳೇ ಪಟ್ಟಿ ತಂದೆವು. ವೇಸ್ಟೇ ಇಲ್ಲದ ಲೆಕ್ಕ ಅಂತ ಹೆಮ್ಮೆ ಬೇರೆ!

ಮೊದಲ ಎರಡು ಪಟ್ಟಿ ಕೊಯ್ದ ಮೇಲೆ ನೋಡಿದರೆ ಎರಡೂ ಎಡಮೂಲೆಯವೇ. ಕೊಯ್ಯುವ ಡಬ್ಬದಲ್ಲಿ ಪಟ್ಟಿಯನ್ನು ತಲೆಕೆಳಗಾಗಿ ಇಡಬೇಕು. ತಾರಸಿಗೆ ತಾಗುವ ಅಂಚು ಕೆಳಗೆ ಬರಬೇಕು. ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡಿದ್ದ ಮೂವರಿಗೂ ಇದು ಹೊಳೆಯಲಿಲ್ಲ. ಮತ್ತೆ ಅಂಗಡಿಗೆ ಓಡಿದೆವು.

ಆಮೇಲೆ ಮೂಲೆ ಕೂಡಲಿಲ್ಲ. ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಮಾಡಿ ಅಡ್ಡ ಅಳೆದರೆ 5 ಅಡಿ ಬರಬೇಕಲ್ಲ, 5 ಅಡಿ 1 ಇಂಚು ಬಂತು. ಕೊಸೈನ್ ಸೂತ್ರ ಹಾಕಿದರೆ ಮೂಲೆ 92 ಡಿಗ್ರಿ. ಅರ್ಧ 46. ನಮ್ಮ ಡಬ್ಬಕ್ಕೆ ಗೊತ್ತಿದ್ದದ್ದು 45 ಮಾತ್ರ. ಸಂದಿಗೆಲ್ಲ ಪಿಓಪಿ ತುಂಬಿದೆವು. ಅದೂ ಬಾಂಡ್ಲಿಯಲ್ಲೇ ಗಟ್ಟಿಯಾಗುತ್ತಿತ್ತು. ಹಿಂದಿನ ಸಲದ ಚೂರು ತೊಳೆಯದೆ ಉಳಿದರೆ ಆ ಜಿಪ್ಸಮ್ ಹರಳುಗಳೇ ಬೀಜವಾಗಿ ಹೊಸ ಕಲಸನ್ನು ಇನ್ನೂ ಬೇಗ ಗಟ್ಟಿ ಮಾಡುತ್ತವೆ. ಕೆಮಿಸ್ಟ್ರಿಯಲ್ಲಿ ಸಮೀಕರಣ ಬರೆದಿದ್ದೆವು, ಬಾಂಡ್ಲಿ ತೊಳೆದಿರಲಿಲ್ಲ.

ಅಂತೂ ಮೂರನೇ ದಿನ ಸಂಜೆ ಎಲ್ಲ ಅಂಟಿತು. ಮನೆಯವರೆಲ್ಲ ತಲೆ ಎತ್ತಿ ನೋಡಿ ಖುಷಿಪಟ್ಟರು.

ಮಾರನೇ ದಿನ ಬೆಳಗಿನ ಜಾವ ಧಡ್ ಅಂತ ಸದ್ದು. ಎದ್ದು ಓಡಿದರೆ ಒಂದು ಪಟ್ಟಿ ಪೂರ್ತಿ ಕಿತ್ತು ಬಂದು ಅಜ್ಜಿಯ ಮಂಚದ ಮೇಲೆ ಬಿದ್ದಿತ್ತು. ದಿಂಬಿನ ಮೇಲೆಲ್ಲ ಚೂರು. ಅಜ್ಜಿ ಎಲ್ಲಿ? ಹಂಡೆಗೆ ಉರಿ ಹಾಕೋಕೆ ಆಗಷ್ಟೇ ಹಿತ್ತಲಿಗೆ ಹೋಗಿದ್ದರು. ವಾಪಸ್ ಬಂದವರು ನಮ್ಮ ಮುಖ ನೋಡಿ, ಹೊದಿಕೆ ಕೊಡವಿ ಮಡಚಿಟ್ಟರು, ಅಷ್ಟೇ. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಪ್ಪ ಮೇಸ್ತ್ರಿಗೆ ಫೋನ್ ಮಾಡಿದರು. ಅವರು ಬಿದ್ದ ಪಟ್ಟಿ ತಿರುಗಿಸಿ ಹಿಂಭಾಗ ತೋರಿಸಿದರು. ಡಿಸ್ಟೆಂಪರಿನ ಪದರ ಅದಕ್ಕೇ ಅಂಟಿಕೊಂಡು ಬಂದಿತ್ತು. "ನೀವು ಅಂಟ್ಸಿರೋದು ಗೋಡೆಗಲ್ಲ ಕಣ್ರಪ್ಪ, ಬಣ್ಣಕ್ಕೆ."

ಮಿಕ್ಕಿದ್ದನ್ನೂ ಕೀಳಿಸಿದರು. ಖರ್ಚು ಮೊದಲು ಹೇಳಿದ್ದಕ್ಕಿಂತ ಜಾಸ್ತಿಯಾಯಿತು. ನಾವು ಕೂಡಿಸಿ ಕೊಡಲು ಹೋದ ದುಡ್ಡನ್ನು ಅಪ್ಪ ಮುಟ್ಟಲಿಲ್ಲ. ಕೊನೆಗೆ ಎರಡು ದಿನ ನಾವೇ ಕೈಯಾಳುಗಳಾದೆವು. ಮೇಸ್ತ್ರಿ ಒಬ್ಬ ಆಳಿನ ಕೂಲಿ ಬಿಟ್ಟರು.

ಆ ಎರಡು ದಿನ ಕಲಿತದ್ದು ಬಹಳ. ಪಟ್ಟಿ ಕೂರುವ ಜಾಗದ ಬಣ್ಣ ಪೂರ್ತಿ ಕೆರೆದು, ಗಾರೆಗೆ ಕಚ್ಚು ಹಾಕಿ, ನೀರು ಚಿಮುಕಿಸಬೇಕು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಐದು ನಿಮಿಷದಲ್ಲಿ ಮುಗಿಯುವಷ್ಟೇ ಕಲಸಬೇಕು. ಗಟ್ಟಿಯಾಗುವ ತನಕ ಸ್ಕ್ರೂ ಆಸರೆ ಇರಬೇಕು. 46 ಡಿಗ್ರಿ ಅವರಿಗೆ ಬೇಕೇ ಆಗಲಿಲ್ಲ. ಒಂದು ಗೋಡೆಗೆ ಪಟ್ಟಿ ಹಿಡಿದು ತಾರಸಿಯ ಮೇಲೆ ಗೆರೆ, ಇನ್ನೊಂದು ಗೋಡೆಗೆ ಹಿಡಿದು ಇನ್ನೊಂದು ಗೆರೆ. ಎರಡೂ ಕೂಡುವ ಕಡೆಯಿಂದ ಮೂಲೆಗೆ ಎಳೆದರೆ ಅದೇ ಕೊಯ್ಯುವ ಗೆರೆ. ಮೂಲೆ ಎಷ್ಟು ಡಿಗ್ರಿ ಇದ್ದರೂ ಸರಿ! ಹೈಸ್ಕೂಲಿನ ಕೋನಾರ್ಧಕ ರೇಖೆ ಅದು. ನಾವು ಓದಿದ್ದೆವು, ಅವರು ಬಳಸುತ್ತಿದ್ದರು.

ಕೊನೆಯ ಮೂಲೆಯನ್ನು ಮೇಸ್ತ್ರಿ ನಮ್ಮ ಕೈಯಲ್ಲೇ ಮಾಡಿಸಿದರು. ಹತ್ತಿರ ಹೋಗಿ ನೋಡಿದರೆ ಸಂದಿ ಸ್ವಲ್ಪ ಕಾಣುತ್ತದೆ. ನಿಶ್ಚಿತಾರ್ಥದ ದಿನ ಬಂದವರೆಲ್ಲ ಅಕ್ಕನನ್ನು ನೋಡುತ್ತಿದ್ದರೆ ನಾವು ಮೂವರು ತಾರಸಿ ನೋಡುತ್ತಿದ್ದೆವು.

ಆದ್ದರಿಂದ ಗೆಳೆಯರೇ, ನೀವೂ ಮಾಡುವುದಾದರೆ ಮಾಡಿ. ಆದರೆ ಮೊದಲು ಒಬ್ಬ ಮೇಸ್ತ್ರಿಯ ಜೊತೆ ಒಂದು ದಿನ ಬಾಂಡ್ಲಿ ಹೊತ್ತು ನೋಡಿ. ತಲೆ ಮೇಲೆ ಅಂಟಿಸುವ ವಸ್ತು ಇನ್ಯಾರದೋ ತಲೆ ಮೇಲಿರುತ್ತದೆ.

ಹೊರಡುವ ದಿನ ಮಂಚ ಮತ್ತೆ ಹಾಲ್‌ಗೆ ಬಂತು. ಅಜ್ಜಿ ಮಲಗುವ ಮುಂಚೆ ಮೇಲೆ ನೋಡಿ, "ಇದು ನೀವು ಅಂಟ್ಸಿದ್ದೋ, ಮೇಸ್ತ್ರಿ ಅಂಟ್ಸಿದ್ದೋ?" ಅಂತ ಕೇಳಿದರು.

"ಮೇಸ್ತ್ರಿ ಅಜ್ಜಿ. ನಿಮ್ಮದು ಆ ಕಡೆ ಮೂಲೆ ಅಲ್ಲ" ಅಂದೆವು.

ಅಜ್ಜಿ ನಿಶ್ಚಿಂತೆಯಿಂದ ಮಗ್ಗುಲಾದರು.